ಮಣಿ ತಿರುಗಿಸುವುದು ನಾನೋ, ಅವನೋ?

ಹೋದ ತಿಂಗಳ ಅಂಕಣದಲ್ಲಿ ನಾಮಜಪದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಮಡಿ, ಮುಹೂರ್ತ ಅಂತ ಕಾಯಬೇಡಿ, ದಿನಕ್ಕೆ ಹತ್ತು ನಿಮಿಷ ಕೂತರೆ ಸಾಕು ಅಂದಿದ್ದೆ, ಅಷ್ಟೇ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಯಿಂದ ಬಂದಿವೆ. ಅಂಚೆಯಲ್ಲಿ ಬಂದದ್ದೂ ಇದೆ, ವಾಟ್ಸಾಪ್‌ನಲ್ಲಿ ಮಾತಾಡಿ ಕಳಿಸಿದ್ದೂ ಇದೆ. ಜಪ ಹೇಗೆ ಮಾಡಬೇಕು ಅಂತ ಕೇಳಿದವರು ಕಡಿಮೆ. ಎಲ್ಲವೂ ಅವನ ಇಚ್ಛೆಯೇ ಆದರೆ ನಾನು ಯಾಕೆ ಮಾಡಬೇಕು, ಬಿಟ್ಟರೆ ಏನಾಗುತ್ತೆ, ಮಕ್ಕಳ ಕೈಲಿ ಮಾಡಿಸಬಹುದಾ, ಹೀಗೆ ಕೇಳಿದವರೇ ಜಾಸ್ತಿ. ಆರು ಪತ್ರ ಆರಿಸಿಕೊಂಡಿದ್ದೇನೆ. ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ನಾನು ಎರಡು ಎಕರೆಯಲ್ಲಿ ಟೊಮೆಟೊ ಬೆಳೆಯುವವನು. ಒಂದು ವರ್ಷದಿಂದ ಬೆಳಿಗ್ಗೆ ತೋಟಕ್ಕೆ ಹೋಗುವ ಮೊದಲು 108 ಸಲ ನಾರಾಯಣ ನಾಮ ಹೇಳುತ್ತಿದ್ದೇನೆ. ಈ ಸಲ ಬೆಳೆ ಚೆನ್ನಾಗಿಯೇ ಬಂತು. ಮಂಡಿಗೆ ಹಾಕುವ ವಾರಕ್ಕೆ ಸರಿಯಾಗಿ ರೇಟು ಬಿದ್ದುಹೋಯಿತು. 15 ಕೆಜಿ ಬಾಕ್ಸಿಗೆ ಬಂದ ದುಡ್ಡು ಹಣ್ಣು ಬಿಡಿಸಿದ ಕೂಲಿಗೂ ಸಾಲಲಿಲ್ಲ. ಅವನ ಅಪ್ಪಣೆ ಇಲ್ಲದೆ ಹುಲ್ಲುಕಡ್ಡಿಯೂ ಅಲ್ಲಾಡಲ್ಲ ಅಂತ ನಮ್ಮಪ್ಪ ಹೇಳುತ್ತಿದ್ದರು. ಹಾಗಾದರೆ ನನ್ನ ಬಾಯಲ್ಲಿ ಜಪ ಮಾಡಿಸುವುದೂ ಅವನೇ ಅಲ್ವಾ? ಮಾಡಿದರೆ ನನಗೇನು ಪುಣ್ಯ, ಬಿಟ್ಟರೆ ನನ್ನದೇನು ತಪ್ಪು? ಇದರಲ್ಲಿ ನನ್ನ ಪಾಲು ಎಷ್ಟು?
(ಕೋಲಾರ ತಾಲ್ಲೂಕಿನ ಓದುಗರು)

ಉತ್ತರ: ಮೊದಲು ರೇಟಿನ ವಿಷಯ. ಜಪ ಮಾಡಿದ್ದಕ್ಕೆ ರೇಟು ಸಿಗಬೇಕಿತ್ತು ಅಂತ ನೀವು ಬಾಯಿಬಿಟ್ಟು ಬರೆದಿಲ್ಲ, ಆದರೆ ಪತ್ರದಲ್ಲಿ ಆ ನೋವು ಇದೆ. ಬೆಳೆದ ಹಣ್ಣನ್ನು ರಸ್ತೆ ಬದಿಗೆ ಸುರಿದು ಖಾಲಿ ಬಾಕ್ಸ್ ತುಂಬಿಕೊಂಡು ಮನೆಗೆ ಬರುವವನ ಹೊಟ್ಟೆಯ ಸಂಕಟ ನಮ್ಮ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅವತ್ತು ಮಂಡಿಗೆ ಎಷ್ಟು ಮಾಲು ಬಂತು, ಬೇರೆ ರಾಜ್ಯದಲ್ಲಿ ಬೆಳೆ ಹೇಗಿತ್ತು, ಎಷ್ಟು ಲಾರಿ ಹೊರಟವು, ಇದರ ಮೇಲೆ ನಿಂತಿರುವ ರೇಟನ್ನು ನಿಮ್ಮ ಜಪದ ತಲೆಗೆ ಕಟ್ಟಬೇಡಿ. ಜಪ ಸಾಲದೆ ಹೋಯಿತೇನೋ ಅಂತ ನಿಮ್ಮನ್ನು ನೀವು ಬೈದುಕೊಳ್ಳಲೂ ಬೇಡಿ.

ಈಗ ನಿಮ್ಮ ಪಾಲಿನ ಪ್ರಶ್ನೆ. ಗೀತೆಯ 18ನೇ ಅಧ್ಯಾಯದಲ್ಲಿ ಎರಡು ಶ್ಲೋಕ ಹತ್ತಿರ ಹತ್ತಿರವೇ ಇವೆ. 61ನೆಯದರಲ್ಲಿ, ಈಶ್ವರ ಎಲ್ಲರ ಎದೆಯಲ್ಲಿ ಕೂತಿದ್ದಾನೆ, ಯಂತ್ರದ ಮೇಲೆ ಕೂರಿಸಿದ ಹಾಗೆ ಎಲ್ಲರನ್ನೂ ತಿರುಗಿಸುತ್ತಿದ್ದಾನೆ ಅಂತ ಇದೆ. ನಿಮ್ಮಪ್ಪನ ಹುಲ್ಲುಕಡ್ಡಿ ಮಾತು ಇದೇ. ಅಲ್ಲಿಗೇ ನಿಂತಿದ್ದರೆ ನಮ್ಮ ಪಾಲು ಸೊನ್ನೆ. ಆದರೆ ನಡುವೆ ಒಂದೇ ಶ್ಲೋಕ ದಾಟಿ 63ಕ್ಕೆ ಬನ್ನಿ. ಅದೇ ಕೃಷ್ಣ ಅದೇ ಅರ್ಜುನನಿಗೆ 'ವಿಮೃಶ್ಯೈತದಶೇಷೇಣ ಯಥೇಚ್ಛಸಿ ತಥಾ ಕುರು' ಅನ್ನುತ್ತಾನೆ. ಹೇಳುವುದೆಲ್ಲ ಹೇಳಿದೆ, ಪೂರ್ತಿ ಯೋಚನೆ ಮಾಡು, ಆಮೇಲೆ ನಿನಗೆ ಹೇಗೆ ಬೇಕೋ ಹಾಗೆ ಮಾಡು. ಈ ಎರಡನ್ನೂ ಓದಿ ನಾನು ಎಷ್ಟೋ ವರ್ಷ ತಲೆ ಕೆಡಿಸಿಕೊಂಡಿದ್ದೇನೆ. ತಿರುಗಿಸುವವನೇ ನಿನ್ನಿಷ್ಟ ಅಂತಲೂ ಹೇಳುವುದು ಹೇಗೆ?

ನಮಗಿಂತ ಮುಂಚಿನವರೂ ಇದರಲ್ಲಿ ಒದ್ದಾಡಿದ್ದಾರೆ. ವೇದಾಂತದ ಮೂಲಗ್ರಂಥ ಬ್ರಹ್ಮಸೂತ್ರದಲ್ಲಿ, ಜೀವ ಕರ್ತೃ ಹೌದು, ಅಂದರೆ ಮಾಡುವವನು ಅವನೇ, ಇಲ್ಲದಿದ್ದರೆ 'ಇದು ಮಾಡು, ಅದು ಬಿಡು' ಅನ್ನುವ ಶಾಸ್ತ್ರಕ್ಕೆ ಅರ್ಥವೇ ಇರುವುದಿಲ್ಲ ಅಂತ ಒಂದು ಸೂತ್ರ. ಆ ಕರ್ತೃತ್ವವೂ ಪರಮಾತ್ಮನಿಂದಲೇ ಬಂದದ್ದು ಅಂತ ಅದೇ ಪಾದದಲ್ಲಿ ಇನ್ನೊಂದು. ಶಂಕರಾಚಾರ್ಯರು ಮಳೆಯ ಉದಾಹರಣೆ ಕೊಡುತ್ತಾರೆ. ಮಳೆ ಎಲ್ಲಾ ಹೊಲಕ್ಕೂ ಒಂದೇ, ಆದರೆ ಯಾವ ಬೀಜವೋ ಅದೇ ಪೈರು. ರಾಗಿ ಹಾಕಿದವನಿಗೆ ರಾಗಿ, ಅವರೆ ಹಾಕಿದವನಿಗೆ ಅವರೆ. ಮಧ್ವಾಚಾರ್ಯರ ಪರಂಪರೆಯವರು ನಮಗಿರುವುದು 'ದತ್ತ ಸ್ವಾತಂತ್ರ್ಯ' ಅನ್ನುತ್ತಾರೆ, ಅಂದರೆ ಕೊಟ್ಟ ಸ್ವಾತಂತ್ರ್ಯ. ನಮ್ಮ ಸ್ವಂತದ್ದಲ್ಲ, ಹಾಗಂತ ಇಲ್ಲವೇ ಇಲ್ಲ ಅಂತಲೂ ಅಲ್ಲ.

ನಿಮ್ಮ ಬೋರ್‌ವೆಲ್ ಲೆಕ್ಕದಲ್ಲೇ ನೋಡಿ. ರಾತ್ರಿ ತ್ರೀ ಫೇಸ್ ಕರೆಂಟು ಬರದಿದ್ದರೆ ನೀವು ಏನು ಮಾಡಿದರೂ ಮೋಟಾರು ಓಡಲ್ಲ. ಕರೆಂಟು ಬಂದೂ ನೀವು ಕಂಬಳಿ ಹೊದ್ದು ಮಲಗಿದ್ದರೆ ಆಗಲೂ ಓಡಲ್ಲ. ಎದ್ದು, ಟಾರ್ಚ್ ಹಿಡಿದು, ತೋಟಕ್ಕೆ ಹೋಗಿ ಸ್ಟಾರ್ಟರ್ ಒತ್ತಬೇಕು. ಏಳುವ ಶಕ್ತಿಯೂ ಅವನದೇ ಅಂತ ಮಧ್ವರ ಕಡೆಯವರು ಹೇಳುತ್ತಾರೆ. ಒಪ್ಪುತ್ತೇನೆ. ಆದರೂ ಅವತ್ತು ಎದ್ದವರು ಯಾರು ಅಂದರೆ ನೀವೇ ಅಲ್ವಾ? ಗೀತೆಯ ಅದೇ ಅಧ್ಯಾಯದ 14ನೇ ಶ್ಲೋಕ ಒಂದು ಕೆಲಸ ಆಗಲು ಐದು ಕಾರಣ ಎಣಿಸುತ್ತದೆ. ನೆಲೆ, ಮಾಡುವವನು, ಸಲಕರಣೆ, ಬಗೆಬಗೆಯ ಯತ್ನ, ಐದನೆಯದು ದೈವ. ಐದನ್ನೂ ದೈವವೇ ಅಂದಿಲ್ಲ. ನಾಲ್ಕು ಎಣಿಸಿದ ಮೇಲೆ ಅದರ ಹೆಸರು ಬರುತ್ತದೆ. ನಿಮ್ಮ ರೇಟು ಆ ಐದನೆಯದರಲ್ಲಿ ಸಿಕ್ಕಿಕೊಂಡಿದೆ.

ಇನ್ನು ಜಪದಲ್ಲಿ ನಮ್ಮ ಪಾಲು ಎಲ್ಲಿದೆ ಅನ್ನುವುದು. ಇದನ್ನು ನಾನು ಪುಸ್ತಕದಿಂದ ಹೇಳುತ್ತಿಲ್ಲ, ನನ್ನ ಕೈಯಿಂದ ಹೇಳುತ್ತೇನೆ. ನನ್ನ ಹತ್ತಿರ ತುಳಸಿ ಮಾಲೆ ಇದೆ, ನಮ್ಮಜ್ಜಿಯದು. ಮಣಿಗಳೆಲ್ಲ ಸವೆದು ನುಣ್ಣಗಾಗಿವೆ, ದಾರ ಮಾತ್ರ ಎರಡು ಸಲ ಬದಲಾಗಿದೆ. ನಡುಬೆರಳ ಮೇಲೆ ಮಾಲೆ, ಹೆಬ್ಬೆರಳು ಒಂದೊಂದೇ ಮಣಿ ಎಳೆಯುತ್ತದೆ, ತೋರುಬೆರಳು ದೂರ. ಮೊದಲ ಏಳೆಂಟು ಮಣಿ ಚೆನ್ನಾಗಿ ನಡೆಯುತ್ತದೆ. ಆಮೇಲೆ ಮಗಳ ಫೀಸು, ಗ್ಯಾಸ್ ಬುಕ್ ಮಾಡಿದೆನೋ ಇಲ್ಲವೋ, ಯಾರೋ ಹತ್ತು ವರ್ಷದ ಹಿಂದೆ ಆಡಿದ ಮಾತು, ಎಲ್ಲಾ ಬರುತ್ತದೆ. ನಾಲಿಗೆ ನಾಮ ಹೇಳುತ್ತಲೇ ಇರುತ್ತದೆ, ಬೆರಳು ಎಳೆಯುತ್ತಲೇ ಇರುತ್ತದೆ, ನಾನು ಮಾತ್ರ ಅಲ್ಲಿಲ್ಲ. ಎಲ್ಲೋ ಮಧ್ಯದ ಮಣಿಯಲ್ಲಿ 'ಅಯ್ಯೋ, ಎಲ್ಲಿ ಹೋದೆ' ಅಂತ ಗೊತ್ತಾಗುತ್ತದೆ. ಮನಸ್ಸು ಹೋದದ್ದು ನನ್ನ ಇಷ್ಟದಿಂದಲ್ಲ. ಹೋಗಿದೆ ಅಂತ ಗೊತ್ತಾಗುವ ಆ ಕ್ಷಣವೂ ನಾನು ಕರೆದು ಬಂದದ್ದಲ್ಲ, ಅದನ್ನು ನಾನು ಕೃಪೆ ಅಂತಲೇ ಎಣಿಸುತ್ತೇನೆ. ಆದರೆ ಗೊತ್ತಾದ ಮೇಲೆ ಎರಡು ದಾರಿ ಇದೆ. ಆ ಯೋಚನೆಯ ಹಿಂದೆಯೇ ಹೋಗಬಹುದು, ವಾಪಸ್ ನಾಮಕ್ಕೆ ಬರಬಹುದು. ಅಲ್ಲಿ ನನ್ನನ್ನು ಯಾರೂ ತಳ್ಳುವುದಿಲ್ಲ, ಎಳೆಯುವುದೂ ಇಲ್ಲ. ಆ ಕೂದಲೆಳೆಯಷ್ಟು ಜಾಗ ನನ್ನ ಪಾಲು. ಮನಸ್ಸು ಎಲ್ಲೆಲ್ಲಿ ಓಡುತ್ತೋ ಅಲ್ಲಲ್ಲಿಂದ ಹಿಡಿದು ತಾ ಅಂತ ಗೀತೆಯ ಆರನೇ ಅಧ್ಯಾಯ ಹೇಳುವುದೂ ಇದನ್ನೇ. ಓಡಲೇಬಾರದು ಅಂತ ಅಲ್ಲಿ ಹೇಳಿಲ್ಲ.

ಎಷ್ಟು ಪಾಲು ಅಂತ ಕೇಳಿದಿರಿ. ಇಷ್ಟೇ. ಒಂದು ಮಾಲೆಯಲ್ಲಿ ಹತ್ತು ಸಲ ವಾಪಸ್ ಬಂದರೆ ಹತ್ತು ಸಲ ನಿಮ್ಮ ಪಾಲು ಕೊಟ್ಟಿರಿ.

ಪ್ರಶ್ನೆ: ನನಗೆ ಏಳೂವರೆ ಶನಿ ಶುರುವಾಗಿದೆಯಂತೆ. ಜಾತಕ ನೋಡಿದವರು ತಮ್ಮ ಕಡೆಯವರಿಂದ ಜಪ ಮಾಡಿಸುತ್ತೇನೆ ಅಂತ ದೊಡ್ಡ ಮೊತ್ತ ಹೇಳಿದ್ದಾರೆ, ಸಾಲ ಮಾಡಬೇಕಾಗುತ್ತದೆ. ಜಪದಿಂದ ಹಣೆಬರಹ ಬದಲಾಗುತ್ತಾ? ನಾನು ಸಕ್ಕರೆ ಕಾಯಿಲೆಯ ಮಾತ್ರೆಯನ್ನೂ ನಿಲ್ಲಿಸಿ ಎಲ್ಲಾ ಅವನಿಗೇ ಬಿಟ್ಟಿದ್ದೇನೆ.
(ಪಾವಗಡ ತಾಲ್ಲೂಕು)

ಉತ್ತರ: ಇದನ್ನು ಓದಿ ಪಕ್ಕಕ್ಕೆ ಇಟ್ಟು ಮೊದಲು ಡಾಕ್ಟರ ಹತ್ತಿರ ಹೋಗಿ. ಎಷ್ಟು ದಿನದಿಂದ ಮಾತ್ರೆ ಬಿಟ್ಟಿದ್ದೀರಿ ಅಂತ ಮುಚ್ಚಿಡದೆ ಹೇಳಿ. ಇದು ನಾಳೆಗೆ ಹಾಕುವ ಕೆಲಸ ಅಲ್ಲ.

ಅವನಿಗೆ ಬಿಟ್ಟಿದ್ದೇನೆ ಅಂದಿರಿ. ಮಾತ್ರೆ ಬಿಟ್ಟದ್ದು ನೀವು, ಅವನಲ್ಲ. ಅದು ನೀವೇ ತೆಗೆದುಕೊಂಡ ತೀರ್ಮಾನ. ಅದೇ ಸ್ವಾತಂತ್ರ್ಯವನ್ನು ಮಾತ್ರೆ ನುಂಗಲು ಬಳಸಿ.

ಶನಿಯ ಲೆಕ್ಕ ಸುಮ್ನೆ ಒಂದು ಸಲ ಮಾಡಿ ನೋಡಿ. ಶನಿ ಹನ್ನೆರಡು ರಾಶಿ ಸುತ್ತಲು ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ ಬೇಕು, ಒಂದು ರಾಶಿಗೆ ಎರಡೂವರೆ ವರ್ಷದ ಹತ್ತಿರ. ನಮ್ಮ ರಾಶಿ, ಅದರ ಹಿಂದಿನದು, ಮುಂದಿನದು, ಮೂರೂ ಸೇರಿ ಏಳೂವರೆ. ಅಂದರೆ ಯಾವ ದಿನ ನೋಡಿದರೂ ಹನ್ನೆರಡರಲ್ಲಿ ಮೂರು ರಾಶಿಯವರಿಗೆ ಸಾಡೇಸಾತಿ ನಡೆಯುತ್ತಲೇ ಇರುತ್ತದೆ. ನಿಮ್ಮ ಬೀದಿಯಲ್ಲಿ ನಾಲ್ಕು ಜನರಲ್ಲಿ ಒಬ್ಬರಿಗೆ ಇದ್ದೀತು. ನಿಮ್ಮೊಬ್ಬರನ್ನೇ ಹುಡುಕಿಕೊಂಡು ಬಂದದ್ದಲ್ಲ ಅದು.

ಹಣೆಬರಹದ ಬಗ್ಗೆ ಹಿರಿಯರು ಬಾಣದ ಹೋಲಿಕೆ ಕೊಡುತ್ತಾರೆ. ಬಿಲ್ಲಿನಿಂದ ಹೊರಟುಹೋದ ಬಾಣ ಪ್ರಾರಬ್ಧ, ಅಂದರೆ ಆಗಲೇ ಫಲ ಕೊಡಲು ಶುರುವಾದ ಕರ್ಮ, ಅದು ಹೋಗಿ ನಾಟಿಯೇ ತೀರಬೇಕು. ಬತ್ತಳಿಕೆಯಲ್ಲಿ ಇರುವುದು ಸಂಚಿತ, ಕೂಡಿಟ್ಟ ಹಳೆಯ ಕರ್ಮ. ಈಗ ಕೈಗೆ ತೆಗೆದುಕೊಂಡಿರುವುದು ಆಗಾಮಿ, ಅದನ್ನು ಬಿಡುವುದೋ ಕೆಳಗಿಡುವುದೋ ನಿಮ್ಮ ಕೈಯಲ್ಲಿದೆ. ಸಾಲದ ಪತ್ರಕ್ಕೆ ಸಹಿ ಹಾಕಲು ಹೊರಟಿರುವ ಕೈ ಅದೇ. ದಯವಿಟ್ಟು ಹಾಕಬೇಡಿ. ಶನಿ ಮಹಾತ್ಮನ ದೇವಸ್ಥಾನ ನಿಮ್ಮ ಊರಲ್ಲೇ ಇದೆ, ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಹೋಗಿ ಒಂದು ಮೂಲೆಯಲ್ಲಿ ಕೂತು ನಿಮ್ಮ ನಾಲಿಗೆಯಲ್ಲೇ ಹೇಳಿ, ಅದಕ್ಕೆ ಸಾಲ ಬೇಕಾಗಿಲ್ಲ.

ಪ್ರಶ್ನೆ: ನಮ್ಮದು ರೇಷ್ಮೆ ಹುಳು ಸಾಕಾಣಿಕೆ. ಬೆಳಿಗ್ಗೆ ಕೂರಲು ಆಗಲ್ಲ. ಹುಳುವಿಗೆ ಸೊಪ್ಪು ಹಾಕುತ್ತಾ ಬಾಯಲ್ಲಿ 'ರಾಮ ರಾಮ' ಅನ್ನುತ್ತಿರುತ್ತೇನೆ. ಮನಸ್ಸು ಸೊಪ್ಪಿನ ಮೇಲೆ, ಹುಳುವಿನ ಮೇಲೆ ಇರುತ್ತದೆ. ಇದು ಗಿಳಿಪಾಠ, ಪ್ರಯೋಜನ ಇಲ್ಲ ಅಂತ ನಮ್ಮ ಮಾವ ಹೇಳುತ್ತಾರೆ. ನಿಜವಾ?
(ಶಿಡ್ಲಘಟ್ಟದ ಗೃಹಿಣಿ)

ಉತ್ತರ: ನಿಮ್ಮ ಮಾವ ಹೇಳಿದ್ದಕ್ಕೆ ಆಧಾರ ಇದೆ. ಬಸವಣ್ಣನವರೇ ಗಿಳಿ ಓದಿ ಏನು ಫಲ, ಬೆಕ್ಕು ಬರುವುದನ್ನು ಹೇಳಲು ಅದಕ್ಕೆ ಗೊತ್ತಿಲ್ಲ ಅಂದಿದ್ದಾರೆ. ಆದರೆ ಅವರ ಸಿಟ್ಟು ಇದ್ದದ್ದು ಓದಿ ಓದಿ ಒಳಗೆ ಏನೂ ಬದಲಾಗದವರ ಮೇಲೆ. ಹುಳುಮನೆಯಲ್ಲಿ ನಿಂತು ಕೆಲಸ ಮಾಡುತ್ತಾ ದೇವರನ್ನು ನೆನೆಯುವ ಹೆಂಗಸಿನ ಮೇಲೆ ಅಲ್ಲ.

ನಾನು ನಿಮ್ಮ ಕಡೆಯ ಹುಳುಮನೆ ನೋಡಿದ್ದೇನೆ. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಹೊತ್ತು, ಮುಗಿಸಿ ಎದ್ದ ಮೇಲೆ ಹುಳು ಹೇಗೆ ತಿನ್ನುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಕಣ್ಣು ಮುಚ್ಚಿ ನಿಂತರೆ ಹೊರಗೆ ಸೋನೆ ಮಳೆ ಹಿಡಿದ ಹಾಗೆ ಸದ್ದು. ರಾತ್ರಿ ಹಗಲು ಸೊಪ್ಪು ಹಾಕಬೇಕು, ಹಣ್ಣಾದ ಹುಳುವನ್ನು ಹೊತ್ತು ಮೀರದಂತೆ ಆರಿಸಿ, ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ಅಂಥ ಹೊತ್ತಿನಲ್ಲಿ ಮನಸ್ಸು ಹುಳುವಿನ ಮೇಲೆ ಇರದಿದ್ದರೆ ಅದು ತಪ್ಪು. ಮನಸ್ಸು ಅಲ್ಲಿರಲಿ, ನಾಮ ನಾಲಿಗೆಯಲ್ಲಿರಲಿ.

ಅಜಾಮಿಳನ ಕತೆ ಭಾಗವತದ ಆರನೇ ಸ್ಕಂಧದಲ್ಲಿದೆ. ಹಾದಿ ತಪ್ಪಿದ ಮನುಷ್ಯ, ಸಾಯುವಾಗ ಯಮದೂತರನ್ನು ಕಂಡು ಹೆದರಿ ಚಿಕ್ಕ ಮಗನನ್ನು ಕೂಗಿದ. ಮಗನ ಹೆಸರು ನಾರಾಯಣ. ಅಷ್ಟಕ್ಕೇ ವಿಷ್ಣುದೂತರು ಬಂದು ಬಿಡಿಸಿದರು. ಗಮನ ಇರಲಿಲ್ಲ, ದೇವರನ್ನು ಕರೆಯುವ ಉದ್ದೇಶವೂ ಇರಲಿಲ್ಲ. ನಿಮ್ಮ ಮಾವನಿಗೆ ಇಷ್ಟು ಹೇಳಿದರೆ ಸಾಕು. ಆದರೆ ನನಗೆ ಈ ಕತೆಯ ಉಳಿದರ್ಧ ಇನ್ನೂ ಇಷ್ಟ, ಹರಿಕಥೆಗಳಲ್ಲಿ ಅದನ್ನು ಯಾಕೋ ಬೇಗ ಮುಗಿಸಿಬಿಡುತ್ತಾರೆ. ಅಜಾಮಿಳ ಅಲ್ಲಿಗೇ ವೈಕುಂಠಕ್ಕೆ ಹೋಗಲಿಲ್ಲ. ಬದುಕಿ ಉಳಿದ. ಎದ್ದು ಕೂತು ತನ್ನ ಬಾಳನ್ನು ತಾನೇ ನೋಡಿಕೊಂಡು ಅತ್ತ. ಆಮೇಲೆ ಮನೆ ಬಿಟ್ಟು ಗಂಗಾದ್ವಾರಕ್ಕೆ ಹೋಗಿ ಸಾಧನೆಗೆ ಕೂತ. ಬಾಯಿ ತಪ್ಪಿ ಬಂದ ನಾಮ ಅವನಿಗೆ ಸಮಯ ಕೊಟ್ಟಿತು. ಆ ಸಮಯದಲ್ಲಿ ಏನು ಮಾಡಬೇಕು ಅನ್ನುವುದು ಅವನದೇ ಆಯ್ಕೆ ಆಗಿತ್ತು.

ಹಳೆಯ ಸ್ಮೃತಿಗಳಲ್ಲಿ ಜಪಕ್ಕೆ ಮೂರು ಬಗೆ ಹೇಳಿದ್ದಾರೆ. ಬಾಯಿಬಿಟ್ಟು ಹೇಳುವುದು, ತುಟಿ ಮಾತ್ರ ಆಡಿಸಿ ಹೇಳುವ ಉಪಾಂಶು, ಮನಸ್ಸಿನಲ್ಲೇ ಹೇಳುವ ಮಾನಸ. ಒಂದಕ್ಕಿಂತ ಒಂದು ಮೇಲು ಅಂತ ಲೆಕ್ಕವೂ ಇದೆ. ನೀವು ಈಗ ಮೊದಲನೆಯದರಲ್ಲಿ ಇದ್ದೀರಿ, ಇರಿ. ಗೂಡು ಮಾರಿ ಮನೆ ಖಾಲಿಯಾಗುವ ನಾಲ್ಕು ದಿನ ಸಿಗುತ್ತದಲ್ಲ, ಆಗ ಕೂತು ನೋಡಿ. ಇಷ್ಟು ದಿನ ಸುಮ್ಮನೆ ಹೇಳಿದ್ದು ಎಲ್ಲೂ ಹೋಗಿಲ್ಲ ಅಂತ ನಿಮಗೇ ಗೊತ್ತಾಗುತ್ತದೆ.

ಪ್ರಶ್ನೆ: ನಿಜವಾದ ಶರಣಾಗತಿ ಬಂದ ಮೇಲೆ ಯತ್ನವೇ ಇರಬಾರದು, ಜಪವೂ ಅಹಂಕಾರವೇ ಅಂತ ಪ್ರವಚನದಲ್ಲಿ ಕೇಳಿದೆ. ಹಾಗಾದರೆ ಜಪ ಬಿಡಬೇಕಾ?
(ಮುಳಬಾಗಿಲು)

ಉತ್ತರ: ಬೇಡ. ಶ್ರೀವೈಷ್ಣವರಲ್ಲಿ ವಡಗಲೆ, ತೆಂಗಲೆ ಅಂತ ಎರಡು ಪಂಗಡ, ಅವರ ನಡುವೆ ಇದರ ಮೇಲೆ ದೊಡ್ಡ ಚರ್ಚೆಯೇ ನಡೆದಿದೆ. ಕೋತಿಮರಿ ತಾಯಿಯನ್ನು ತಾನೇ ಬಿಗಿಯಾಗಿ ಹಿಡಿದುಕೊಳ್ಳಬೇಕು, ವಡಗಲೆಯವರು ಅದನ್ನು ತೋರಿಸುತ್ತಾರೆ. ಬೆಕ್ಕಿನಮರಿ ಏನೂ ಮಾಡಲ್ಲ, ತಾಯಿಯೇ ಬಾಯಲ್ಲಿ ಕಚ್ಚಿಕೊಂಡು ಹೋಗುತ್ತದೆ, ತೆಂಗಲೆಯವರು ಅದನ್ನು ತೋರಿಸುತ್ತಾರೆ. ನಾನು ಎರಡನೆಯವರ ಪರ ಅಂತಲೇ ಇಟ್ಟುಕೊಳ್ಳಿ. ಆದರೆ ಹುಲ್ಲಿನ ಬಣವೆ ಸಂದಿಯಲ್ಲಿ ಬೆಕ್ಕು ಮರಿ ಹಾಕಿದ್ದನ್ನು ನೋಡಿದ್ದೀರಲ್ಲ? ಕಣ್ಣು ಬಿಡದ ಮರಿಯೂ ತಾಯಿ ದೂರ ಹೋದರೆ ಕೂಗುತ್ತದೆ. ಆ ಕೂಗನ್ನು ಅಹಂಕಾರ ಅಂತ ಯಾರಾದರೂ ಅಂದಾರಾ?

ನಿಮ್ಮೂರಿನ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನ ಇದೆ. ವ್ಯಾಸರಾಯರಿಗೆ ಗುರುವಾಗಿದ್ದವರು, ಸಂಸ್ಕೃತದಲ್ಲಿ ದೊಡ್ಡ ಪಂಡಿತರು. ಅಂಥವರು ರಂಗವಿಠಲ ಅಂಕಿತದಲ್ಲಿ ಕನ್ನಡದ ಹಾಡು ಕಟ್ಟಿ ಕೊಟ್ಟರು. ಶರಣಾಗತಿ ಅಂದರೆ ಬಾಯಿ ಮುಚ್ಚಿ ಕೂರುವುದಾಗಿದ್ದರೆ ಅವರಿಗೆ ಆ ಶ್ರಮ ಯಾಕೆ ಬೇಕಿತ್ತು?

ಪ್ರಶ್ನೆ: ಮಗ ಪಿಯುಸಿ ಓದುತ್ತಿದ್ದಾನೆ. ಚಿಕ್ಕವನಿದ್ದಾಗ ನನ್ನ ಜೊತೆ ಕೂತು ಹರೇ ಕೃಷ್ಣ ಮಂತ್ರ ಹೇಳುತ್ತಿದ್ದ. ಈಗ ಕರೆದರೆ ರೇಗುತ್ತಾನೆ. ಒಂದು ಮಾಲೆ ಮುಗಿಸದೆ ಮೊಬೈಲ್ ಕೊಡುವುದಿಲ್ಲ ಅಂತ ಮಾಡಿದ್ದೇನೆ. ಹೇಳುತ್ತಾನೆ, ಆದರೆ ಮುಖ ಗಂಟಿಕ್ಕಿಕೊಂಡು, ಓಡಿಸಿಕೊಂಡು. ಹೇಗಾದರೂ ಹೇಳಿದರೆ ಒಳ್ಳೆಯದೇ ಅಲ್ವಾ?
(ತುಮಕೂರಿನ ತಾಯಿ)

ಉತ್ತರ: ಅಮ್ಮಾ, ನಿಮ್ಮ ಪತ್ರ ನನ್ನನ್ನು ಬಹಳ ಹೊತ್ತು ಕೂರಿಸಿತು. ನಾನು ಇದೇ ತಪ್ಪು ಮಾಡಿದ್ದೇನೆ. ನನ್ನ ಮಗಳು ಒಂಬತ್ತನೇ ತರಗತಿಯಲ್ಲಿದ್ದಾಗ ಸಂಜೆ ದೀಪ ಹಚ್ಚಿದ ಮೇಲೆ ಜಪಕ್ಕೆ ಕೂರಲೇಬೇಕು ಅಂತ ಹಟ ಹಿಡಿದೆ. ಕೂತಳು. ಕಣ್ಣು ಮುಚ್ಚಿಕೊಂಡಿದ್ದಳು. ಒಂದು ದಿನ ಹತ್ತಿರ ಹೋಗಿ ನೋಡಿದರೆ ತುಟಿ ಅಲ್ಲಾಡುತ್ತಿತ್ತು, ಮಣಿಯೂ ತಿರುಗುತ್ತಿತ್ತು, ಕಣ್ಣಿನಿಂದ ನೀರು ಇಳಿಯುತ್ತಿತ್ತು. ಭಕ್ತಿಯಿಂದ ಬಂದ ನೀರಲ್ಲ ಅದು. ಮಾಲೆಯನ್ನು ಕೈಯಿಂದ ತೆಗೆದುಕೊಂಡೆ. ಆಮೇಲೆ ವರ್ಷಗಟ್ಟಲೆ ಅವಳು ದೇವರ ಕೋಣೆಯ ಕಡೆ ಬರಲಿಲ್ಲ. ಆ ಹೊಣೆ ನನ್ನದು, ಕಾಲದ್ದೂ ಅಲ್ಲ, ಮೊಬೈಲಿನದೂ ಅಲ್ಲ.

ನೀವು ಹೇಳುವ ಮಂತ್ರದ ಪರಂಪರೆಯಲ್ಲೇ ಹತ್ತು ನಾಮಾಪರಾಧ ಅಂತ ಎಣಿಸುತ್ತಾರೆ, ಪದ್ಮಪುರಾಣದಿಂದ ಬಂದದ್ದು. ನಾಮ ಇದೆಯಲ್ಲ ಅಂತ ಧೈರ್ಯದಿಂದ ಪಾಪ ಮಾಡುವುದು ಒಂದು ಅಪರಾಧ, ಅದು ಎಲ್ಲರಿಗೂ ಗೊತ್ತು. ಅದೇ ಪಟ್ಟಿಯಲ್ಲಿ ಇನ್ನೊಂದಿದೆ. ಶ್ರದ್ಧೆ ಇಲ್ಲದವನಿಗೆ, ಮುಖ ತಿರುಗಿಸಿದವನಿಗೆ, ಕೇಳಲು ಮನಸ್ಸಿಲ್ಲದವನಿಗೆ ಉಪದೇಶ ಮಾಡುವುದೂ ಅಪರಾಧವೇ. ನಾನು ಮೊದಲ ಸಲ ಇದನ್ನು ಓದಿದಾಗ ಎದೆ ಧಸಕ್ ಅಂದಿತು. ತಪ್ಪು ಹೇಳಿದವನದು ಅಂತ ಇದೆ, ಕೇಳದವನದು ಅಂತ ಇಲ್ಲ. ಒಲ್ಲೆ ಅನ್ನುವ ಸ್ವಾತಂತ್ರ್ಯವನ್ನು ಇಷ್ಟು ಗಟ್ಟಿಯಾಗಿ ಕಾಯ್ದುಕೊಂಡದ್ದು ಭಕ್ತರೇ.

ಪ್ರಹ್ಲಾದನನ್ನು ನೆನಪು ಮಾಡಿಕೊಳ್ಳಿ. ನಿಮಗೆ ದೇವರಾಯನದುರ್ಗ ಹತ್ತಿರ. ಕೆಳಗೆ ಭೋಗ ನರಸಿಂಹ, ಮೇಲೆ ಬೆಟ್ಟದಲ್ಲಿ ಯೋಗ ನರಸಿಂಹ. ಆ ಕತೆಯಲ್ಲಿ ಬಲವಂತ ಮಾಡಿದವರು ಯಾರು? ಅಪ್ಪ. ನನ್ನ ಹೆಸರು ಹೇಳು, ಹರಿ ಹೆಸರು ಬಿಡು ಅಂತ ಬೆಟ್ಟದಿಂದ ತಳ್ಳಿಸಿದ, ಆನೆ ಕಾಲಿಗೆ ಹಾಕಿಸಿದ, ವಿಷ ಕೊಟ್ಟ. ಮಗನ ನಾಲಿಗೆ ತಿರುಗಲಿಲ್ಲ. ಅಷ್ಟು ಬಲವಂತಕ್ಕೆ ನಾಲಿಗೆಯ ಮೇಲಿನ ಹೆಸರನ್ನು ತೆಗೆಯಲು ಆಗಲಿಲ್ಲ ಅಂದರೆ, ನಾವು ಮೊಬೈಲ್ ಕಿತ್ತಿಟ್ಟು ಹೆಸರನ್ನು ನಾಲಿಗೆಯ ಮೇಲೆ ಇಡಲು ಆಗುತ್ತಾ? ಪ್ರಹ್ಲಾದನಿಗೆ ನಾಮ ಬಂದದ್ದು ತಾಯಿಯ ಹೊಟ್ಟೆಯಲ್ಲಿದ್ದಾಗ, ನಾರದರು ಅವಳಿಗೆ ಹೇಳುತ್ತಿದ್ದದ್ದನ್ನು ಕೇಳಿಸಿಕೊಂಡು. ಕಿವಿಗೆ ಬಿತ್ತು ಅಷ್ಟೇ, ಯಾರೂ ಕೂರಿಸಿ ಹೇಳಿಸಲಿಲ್ಲ.

ಮೊಬೈಲ್ ವಾಪಸ್ ಕೊಡಿ. ಓದಿನ ಹೊತ್ತಿಗೆ ಮೊಬೈಲಿಗೆ ಮಿತಿ ಬೇಕಾದರೆ ಇಡಿ, ಅದು ಬೇರೆ ಮಾತು, ಜಪದ ಜೊತೆ ಅದನ್ನು ಕಟ್ಟಬೇಡಿ. ನೀವು ನಿಮ್ಮ ಜಪ ಮಾಡಿ, ಅವನಿಗೆ ಕೇಳಿಸುವಷ್ಟು ದನಿಯಲ್ಲಿ, ಅವನಿಗೆ ಕೇಳಿಸಲಿ ಅಂತಲ್ಲ. ಆಮೇಲೆ ಎದ್ದು ಬಂದು ಅವನಿಗೆ ದೋಸೆ ಹಾಕಿಕೊಡಿ. ಜಪ ಮಾಡಿ ಎದ್ದ ಅಮ್ಮನ ಮುಖ ಹೇಗಿರುತ್ತದೆ ಅಂತ ಅವನು ನೋಡುತ್ತಿರುತ್ತಾನೆ. ನನ್ನ ಮಗಳ ವಿಷಯ ಕೇಳುತ್ತೀರಿ ಅಂತ ಗೊತ್ತು. ಅವಳು ಈಗಲೂ ಜಪ ಮಾಡುವುದಿಲ್ಲ. ಹೋದ ವರ್ಷ ಮಾತ್ರ, ಅಜ್ಜಿಯ ಮಾಲೆಯ ದಾರ ಮತ್ತೆ ಸವೆದಿದೆ ಅಂತ ಅವಳೇ ಹೊಸ ದಾರ ತಂದು, ಮಣಿ ಎಣಿಸಿ ಪೋಣಿಸಿಕೊಟ್ಟಳು.

ಪ್ರಶ್ನೆ: ಒಂದು ಲಕ್ಷ ಜಪ ಮಾಡುತ್ತೇನೆ ಅಂತ ಹರಕೆ ಹೊತ್ತಿದ್ದೆ, ನಮ್ಮ ಯಜಮಾನರ ಆರೋಗ್ಯಕ್ಕೆ. ದಿನಾ ಹತ್ತು ಮಾಲೆ, ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಅರವತ್ತು ಸಾವಿರ ದಾಟಿತ್ತು. ಅವರು ಹೋಗಿಬಿಟ್ಟರು. ಅವತ್ತಿನಿಂದ ಬಾಯಲ್ಲಿ ನಾಮ ಬರ್ತಿಲ್ಲ. ಅರ್ಧಕ್ಕೆ ಬಿಟ್ಟರೆ ಮಕ್ಕಳಿಗೆ ಕೇಡು ಅಂತ ನೆಂಟರು ಹೆದರಿಸುತ್ತಾರೆ. ಮಾಡಲು ಮನಸ್ಸಿಲ್ಲ, ಬಿಡಲು ಭಯ.
(ಚಿಂತಾಮಣಿ ತಾಲ್ಲೂಕು)

ಉತ್ತರ: ಮೊದಲು ಭಯದ ಮಾತು ಮುಗಿಸೋಣ. ಗೀತೆಯ ಎರಡನೇ ಅಧ್ಯಾಯದ 40ನೇ ಶ್ಲೋಕ ಹೇಳುತ್ತದೆ, ಈ ದಾರಿಯಲ್ಲಿ ಶುರು ಮಾಡಿದ್ದು ನಾಶವಾಗುವುದಿಲ್ಲ, ನಿಂತರೆ ದೋಷವೂ ಇಲ್ಲ. ಕೃಷ್ಣನ ಮಾತು ಇದು. ನೆಂಟರ ಮಾತಿಗಿಂತ ಇದನ್ನು ನಂಬಿ. ಮಕ್ಕಳಿಗೆ ಏನೂ ಆಗುವುದಿಲ್ಲ. ದುಃಖದಲ್ಲಿರುವ ಹೆಂಗಸು ತನ್ನ ಹೆಸರು ಹೇಳಲಿಲ್ಲ ಅಂತ ಮಕ್ಕಳ ಮೇಲೆ ಸೇಡು ತೀರಿಸಿಕೊಳ್ಳುವವನನ್ನು ನಾವ್ಯಾರೂ ದೇವರು ಅಂತ ಕರೆಯಬೇಕಾಗಿಲ್ಲ.

ಸಿಟ್ಟು ಬಂದಿದ್ದರೆ ಬರಲಿ. ಅರವತ್ತು ಸಾವಿರ ಸಲ ಕರೆದೂ ಬರಲಿಲ್ಲ ಅಂತ ಅನಿಸಿದರೆ ಅದನ್ನೇ ಅವನಿಗೆ ಹೇಳಿ. ಬೈಯುವುದಾದರೆ ಬೈಯಿರಿ. ನಮ್ಮ ದಾಸರೂ ಶರಣರೂ ದೇವರನ್ನು ಕೇಳಬಾರದ್ದೆಲ್ಲ ಕೇಳಿದ್ದಾರೆ.

ನಿಮಗೆ ಕೈವಾರ ಹತ್ತಿರ. ತಾತಯ್ಯನವರ ಕತೆ ನಿಮಗೆ ಗೊತ್ತೇ ಇರುತ್ತದೆ, ಆದರೂ ಒಂದು ಸಲ ನನ್ನ ಜೊತೆ ನೋಡಿ. ನಾರಾಯಣಪ್ಪ ಅಂತ ಬಳೆ ಮಾರುವವರು, ಊರೂರು ತಿರುಗುತ್ತಿದ್ದವರು. ಗುರು ಒಂದು ಬೆಣಚುಕಲ್ಲು ಕೊಟ್ಟು, ಇದನ್ನು ಬಾಯಲ್ಲಿಟ್ಟುಕೊಂಡು 'ಓಂ ನಮೋ ನಾರಾಯಣಾಯ' ಜಪ ಮಾಡು, ಕಲ್ಲು ಕಲ್ಲುಸಕ್ಕರೆ ಆಗುವ ತನಕ ಅಂದರಂತೆ. ಅವರು ಗುಹೆಯಲ್ಲಿ ಕೂತರು. ಒಂದು ದಿನ ಕಲ್ಲು ಕರಗಿ ಸಿಹಿಯಾಯಿತು ಅಂತ ಕತೆ. ನಾನು ಆ ಗುಹೆಗೆ ಹೋದಾಗಲೆಲ್ಲ ಯೋಚಿಸುವುದು ಕಲ್ಲು ಸಿಹಿಯಾದ ದಿನವನ್ನಲ್ಲ, ಅದರ ಹಿಂದಿನ ದಿನಗಳನ್ನು. ಬಾಯಲ್ಲಿ ಬರೀ ಕಲ್ಲು. ನಾಲಿಗೆಗೆ ರುಚಿ ಇಲ್ಲ, ಹಲ್ಲಿಗೆ ತಾಗುತ್ತದೆ, ಮಾತು ಸರಿಯಾಗಿ ಹೊರಡುವುದಿಲ್ಲ. ಇವತ್ತು ಸಕ್ಕರೆ ಆಗುತ್ತಾ ಅಂತ ಅವರಿಗೂ ಗೊತ್ತಿರಲಿಲ್ಲ. ಕಲ್ಲನ್ನು ಬಾಯಲ್ಲಿ ಇಟ್ಟುಕೊಂಡಿರುವುದು ಅವರ ಕೈಯಲ್ಲಿತ್ತು, ಸಿಹಿಯಾಗುವುದು ಇರಲಿಲ್ಲ. ಎಷ್ಟು ಲಕ್ಷ ಎಣಿಸಿದರು ಅಂತ ನಾನು ಕೇಳಿದ ಕತೆಯಲ್ಲಿ ಯಾರೂ ಹೇಳಿಲ್ಲ.

ನೀವು ಈಗ ಕಲ್ಲನ್ನು ಉಗುಳಿದ್ದೀರಿ, ಯಾಕೆಂದರೆ ಬಾಯಿ ನೋಯುತ್ತಿದೆ. ನೋವು ಮಾಯಲಿ. ಅವಸರ ಇಲ್ಲ. ಹರಕೆ ಹೊತ್ತದ್ದು ಅವರಿಗಾಗಿ, ಆ ಅರವತ್ತು ಸಾವಿರವೂ ಅವರು ಬದುಕಿದ್ದಾಗ ಅವರ ಹಾಸಿಗೆಯ ಪಕ್ಕದಲ್ಲಿ ಸಂದಿದೆ. ಅದನ್ನು ಸೋಲು ಅಂತ ಲೆಕ್ಕ ಹಾಕಬೇಡಿ.

ನೋಟ್‌ಬುಕ್ಕನ್ನು ಮಾತ್ರ ಎಸೆಯಬೇಡಿ. ದೇವರ ಮುಂದೆಯೇ ಇಡಬೇಕು ಅಂತಿಲ್ಲ, ಬೀರುವಿನಲ್ಲಿ ಅವರ ಪಂಚೆಗಳ ಜೊತೆ ಇಟ್ಟರೂ ಆಗುತ್ತದೆ. ಮುಂದೆ ಯಾವತ್ತಾದರೂ ಹೇಳಬೇಕು ಅನಿಸಿದರೆ ಒಂದರಿಂದ ಶುರು ಮಾಡಬೇಡಿ, ಕೊನೆಯ ಸಾಲಿನ ಕೆಳಗೆ ಮುಂದಿನ ಸಂಖ್ಯೆ ಬರೆಯಿರಿ. ಅನಿಸದಿದ್ದರೆ ಅದು ಅಲ್ಲಿಗೇ ಇರಲಿ. ಅದು ನಿಮಗೆ ಬಿಟ್ಟದ್ದು, ಅಮ್ಮಾ.